ಕುರ್ಚಿಯ ‘ರ’ ಎಲ್ಲಿಂದ ಬಂತು?

ಈ ತಿಂಗಳು ಪತ್ರದ ಕಟ್ಟು ಬಿಚ್ಚಿದರೆ ಅರ್ಧಕ್ಕರ್ಧ ಕೂರುವ ಸಾಮಾನಿನ ಬಗ್ಗೆಯೇ ಇವೆ. ಮದುವೆ ಸೀಸನ್ ನೋಡಿ, ಎಲ್ಲರೂ ಶಾಮಿಯಾನದ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಎರಡನೇ ಪಂಕ್ತಿಗೆ ಕಾಯುತ್ತಾ ಯೋಚನೆ ಮಾಡಿದ್ದಾರೆ ಅಂತ ಕಾಣುತ್ತದೆ. ಸರಿ, ಈ ಸಲ ಮನೆಯ ಹಜಾರ ಬಿಟ್ಟು ಆಚೆ ಹೋಗುವುದೇ ಬೇಡ.

ಪ್ರಶ್ನೆ: ನಮ್ಮ ಮಾವನವರು ಕನ್ನಡ ಮೇಷ್ಟ್ರಾಗಿದ್ದವರು. ‘ಕೂರುವುದಕ್ಕೆ ಇರುವುದು ಕುರ್ಚಿ, ಅಚ್ಚಗನ್ನಡ ಪದ’ ಅಂತಾರೆ. ನನ್ನ ಮಗಳು ಫೋನಿನಲ್ಲಿ ಹುಡುಕಿ, ‘ಇಲ್ಲ ತಾತ, ಅದು ಅರಬ್ಬಿ’ ಅಂತಾಳೆ. ರಾತ್ರಿ ಊಟದ ಹೊತ್ತಿಗೆ ದಿನಾ ಇದೇ ಜಗಳ. ಯಾರು ಸರಿ? (ಗೃಹಿಣಿ, ತಿಪಟೂರು)

ಉತ್ತರ: ಮೊಮ್ಮಗಳು ಸರಿ ಅಮ್ಮಾ. ಆದರೆ ಅವಳೂ ಪೂರ್ತಿ ಸರಿಯಲ್ಲ, ಯಾಕಂದರೆ ಅರಬ್ಬಿಗೂ ಅದು ಸಾಲ ತಂದ ಮಾಲೇ. ತಾತನನ್ನು ತಪ್ಪು ಅನ್ನುವ ಮೊದಲು ಒಂದು ಮಾತು. ಅವರ ಲೆಕ್ಕ ಕಿವಿಗೆ ಎಷ್ಟು ಚೆನ್ನಾಗಿ ಕೂರುತ್ತದೆ ನೋಡಿ! ಕೂರು, ಕುರ್ಚಿ. ನಾನೂ ಚಿಕ್ಕವನಿದ್ದಾಗ ಹಾಗೇ ಅಂದುಕೊಂಡಿದ್ದೆ. ಇಂಥ ಹೊಂದಿಕೆ ಸಿಕ್ಕಾಗಲೇ ಸ್ವಲ್ಪ ಜಾಸ್ತಿ ಅನುಮಾನ ಪಡಬೇಕು.

ಎರಡೂ ಪದಗಳಲ್ಲಿ ಇರುವ ‘ರ’ ಒಂದನ್ನೇ ಹಿಡಿದುಕೊಂಡು ಹೋಗೋಣ. ಅದು ಎರಡು ಕಡೆಯೂ ಬೇರೆ ಬೇರೆ ದಾರಿಯಲ್ಲಿ ಬಂದದ್ದು.

ಮೊದಲು ‘ಕೂರು’. ಹಳಗನ್ನಡದಲ್ಲಿ ‘ಕುಳ್ಳಿರ್’ ಅಂತಿತ್ತು. ಕುಳ್ ಅಂದರೆ ಕೂರುವುದು, ಅದರ ಜೊತೆ ‘ಇರು’ ಸೇರಿ ಕುಳ್ಳಿರು. ಅದೇ ಸವೆದು ಸವೆದು ಒಂದು ಕಡೆ ‘ಕೂಡ್ರು’, ಇನ್ನೊಂದು ಕಡೆ ‘ಕೂರು’ ಆಯಿತು. ಧಾರವಾಡದ ಕಡೆ ಮನೆಗೆ ಹೋದರೆ ‘ಬರ್ರಿ, ಕೂಡ್ರಿ’ ಅಂತಾರಲ್ಲ, ಆ ‘ಡ್ರ’ದಲ್ಲಿ ಹಳೆಯ ಳಕಾರ, ರಕಾರ ಎರಡರ ಗುರುತೂ ಉಳಿದಿದೆ. ಅಂದರೆ ಕೂರುವಿನ ರಕಾರ ಬಂದದ್ದು ‘ಇರು’ ಎಂಬ ಕ್ರಿಯಾಪದದಿಂದ. ಕೂರುವ ಕೆಲಸದ ಮೂಲ ಬೇರಿನಲ್ಲಿ ರ ಇರಲೇ ಇಲ್ಲ.

ಈಗ ‘ಕುರ್ಚಿ’. ಇದರ ರಕಾರ ಹುಡುಕಲು ಇರಾಕಿಗೆ ಹೋಗಬೇಕು, ಅದೂ ನಾಲ್ಕು ಸಾವಿರ ವರ್ಷಕ್ಕೂ ಹಿಂದಕ್ಕೆ. ಅಲ್ಲಿನ ಸುಮೇರಿಯನ್ ಭಾಷೆಯಲ್ಲಿ ಆಸನಕ್ಕೆ ‘ಗುಜ’ ಎಂಬ ಪದ ಇತ್ತು. ಹಸಿ ಮಣ್ಣಿನ ಹಲಗೆಯ ಮೇಲೆ ಕಡ್ಡಿಯಿಂದ ಒತ್ತಿ ಬರೆಯುತ್ತಿದ್ದ ಆ ಲಿಪಿಯಲ್ಲಿ ‘ಗುಜ’ ಬರೆಯುವ ಮೊದಲು ‘ಗಿಶ್’ ಎಂಬ ಇನ್ನೊಂದು ಗುರುತು ಹಾಕುತ್ತಿದ್ದರು. ಗಿಶ್ ಅಂದರೆ ಮರ. ಓದುವವನಿಗೆ ‘ಮುಂದೆ ಬರುವುದು ಮರದ ಸಾಮಾನು ಕಣಪ್ಪಾ’ ಅಂತ ಸೂಚನೆ ಕೊಡಲು ಅಷ್ಟೇ. ಅದೇ ನಾಡಿನ ಅಕ್ಕಾಡಿಯನ್ ಭಾಷೆಯಲ್ಲಿ ಇದು ‘ಕುಸ್ಸು’. ಎರಡು ಸಕಾರ ನೋಡಿಕೊಳ್ಳಿ. ಅಕ್ಕಾಡಿಯನ್ನಿನ ತಂಗಿಯಂಥ ಅರಾಮಿಕ್ ಭಾಷೆಗೆ ಪದ ಬಂದಾಗ ಈ ಜೋಡಿ ಸಕಾರದಲ್ಲಿ ಮೊದಲನೆಯದು ರಕಾರವಾಗಿ ತಿರುಗಿ ‘ಕುರ್ಸೆಯಾ’ ಆಯಿತು. ಕುಸ್ಸು ಹೋಗಿ ಕುರ್ಸ್. ಇಲ್ಲೇ ಹುಟ್ಟಿದ್ದು ನಮ್ಮ ಕುರ್ಚಿಯ ರಕಾರ! ಹೀಬ್ರೂ ಭಾಷೆಯಲ್ಲಿ ಇದು ‘ಕಿಸ್ಸೆ’ ಆಗಿಯೇ ಉಳಿಯಿತು, ಅವರಿಗೆ ರ ಬರಲಿಲ್ಲ. ಅರಾಮಿಕ್‌ನಿಂದ ಅರಬ್ಬಿಗೆ ಹೋಗಿ ‘ಕುರ್ಸೀ’, ಅಲ್ಲಿಂದ ಪಾರಸಿ, ಉರ್ದು, ಹಿಂದಿ.

ಹಾಗಾದರೆ ಕನ್ನಡದಲ್ಲಿ ಕುರ್ಸಿ ಯಾಕಾಗಲಿಲ್ಲ? ಒಳ್ಳೆಯ ಪ್ರಶ್ನೆ, ನೀವು ಕೇಳಿಲ್ಲ, ನಾನೇ ಕೇಳಿಕೊಂಡೆ. 1347ರಲ್ಲಿ ಕಲಬುರಗಿಯಲ್ಲಿ ಬಹಮನಿ ರಾಜ್ಯ ಶುರುವಾದ ಮೇಲೆ, ಆಮೇಲೆ ವಿಜಯಪುರದ ಆದಿಲ್‌ಶಾಹಿಗಳ ಕಾಲದಲ್ಲಿ, ಪಾರಸಿ ಅರಬ್ಬಿ ಪದಗಳು ನಮಗೆ ರಾಶಿ ರಾಶಿ ಬಂದವು. ಅರ್ಜಿ, ಖಜಾನೆ, ಜಮೀನು, ತಾರೀಕು ಎಲ್ಲ ಹಾಗೆ ಬಂದದ್ದೇ. ಅವುಗಳ ಸಕಾರವನ್ನು ಕನ್ನಡಿಗರು ಸಾಮಾನ್ಯವಾಗಿ ಮುಟ್ಟಿಲ್ಲ. ‘ಫುರ್ಸತ್’ ನಮ್ಮಲ್ಲಿ ‘ಪುರುಸೊತ್ತು’ ಆಯಿತು, ಫ ಹೋಯಿತು, ಉಕಾರ ಬಂತು, ಒಕಾರ ಬಂತು, ಆದರೆ ಸ ಹಾಗೇ ಇದೆ. ಕುರ್ಸಿಯೂ ನೇರವಾಗಿ ಬಂದಿದ್ದರೆ ಕುರ್ಸಿಯಾಗಿಯೇ ಇರಬೇಕಿತ್ತು. ಇರಲಿಲ್ಲ, ಯಾಕಂದರೆ ನಡುವೆ ಮರಾಠಿ ಇದೆ. ಮರಾಠಿಯಲ್ಲಿ ಇದು ‘ಖುರ್ಚಿ’. ಬೆಳಗಾವಿ, ಧಾರವಾಡದ ಕಡೆ ಇವತ್ತಿಗೂ ‘ಖುರ್ಚಿ ತಗೊಂಡ್ ಬಾ’ ಅಂತ ಖಕಾರ ಹಚ್ಚಿಯೇ ಹೇಳುತ್ತಾರೆ. ದಕ್ಷಿಣಕ್ಕೆ ಬರುವಷ್ಟರಲ್ಲಿ ಆ ಉಸಿರು ಖಾಲಿಯಾಗಿ ಕ ಆಯಿತು, ಚ ಮಾತ್ರ ಉಳಿಯಿತು. ನಿಮ್ಮ ಪಕ್ಕದ ಮನೆಯಲ್ಲಿ ದಖನಿ ಉರ್ದು ಮಾತಾಡುವವರು ಇದ್ದರೆ ಕೇಳಿ ನೋಡಿ, ಅವರು ‘ಕುರ್ಸಿ’ ಅಂತಲೇ ಅನ್ನುತ್ತಾರೆ. ಒಂದೇ ಬೀದಿಯಲ್ಲಿ ಎರಡು ದಾರಿಯ ಪದ.

ಇನ್ನೊಂದು ವಿಷಯ, ನನಗೆ ಇದೇ ಜಾಸ್ತಿ ಇಷ್ಟ. ಅದೇ ಹಳೆಯ ಇರಾಕಿನ ಬಾಬಿಲೋನ್ ರಾಜ್ಯದ ಕಾಲದಲ್ಲಿ ಈ ಪದಕ್ಕೆ ಬರೀ ಕುರ್ಚಿ ಅಂತಲ್ಲ, ಸಿಂಹಾಸನ ಅಂತಲೂ ಅರ್ಥ. ಹಮ್ಮುರಾಬಿ ರಾಜನ ಕಾನೂನು ಕೆತ್ತಿದ ಕಪ್ಪು ಕಲ್ಲು ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂನಲ್ಲಿದೆ, ಅದರ ಚಿತ್ರ ಸಿಕ್ಕರೆ ಮೇಲ್ಭಾಗ ನೋಡಿ. ಸೂರ್ಯದೇವ ಶಮಶ್ ಕೂತಿದ್ದಾನೆ, ಅಷ್ಟು ದೊಡ್ಡ ರಾಜ ಎದುರಿಗೆ ನಿಂತಿದ್ದಾನೆ. ಕೂರುವವನು ದೊಡ್ಡವನು, ನಿಲ್ಲುವವನು ಚಿಕ್ಕವನು. ಕುರಾನಿನ ಎರಡನೇ ಅಧ್ಯಾಯದ 255ನೇ ವಚನಕ್ಕೆ ‘ಆಯತುಲ್ ಕುರ್ಸೀ’ ಎಂದೇ ಹೆಸರು, ದೇವರ ಕುರ್ಸಿ ಆಕಾಶ ಭೂಮಿ ಎರಡನ್ನೂ ಆವರಿಸಿದೆ ಅನ್ನುತ್ತದೆ ಅದು. ಅಂಥ ಪದ ನಮ್ಮೂರಿಗೆ ಬಂದು ಶಾಮಿಯಾನದ ಅಂಗಡಿಯಲ್ಲಿ ಒಂದರ ಮೇಲೊಂದು ಪೇರಿಸಿ, ಬೆನ್ನಿಗೆ ಪೇಂಟಿನಲ್ಲಿ ಅಂಗಡಿ ಹೆಸರು ಬರೆಸಿಕೊಂಡು, ದಿನದ ಬಾಡಿಗೆಗೆ ಹೋಗುವ ಸಾಮಾನಾಯಿತು. ಆದರೂ ಪೂರ್ತಿ ಇಳಿಯಲಿಲ್ಲ. ಪೇಪರಿನವರು ‘ಕುರ್ಚಿ ಕಾಳಗ’, ‘ಕುರ್ಚಿ ಉಳಿಸಿಕೊಳ್ಳಲು ದೆಹಲಿಗೆ’ ಅಂತ ಬರೆದಾಗ ಅದು ಮತ್ತೆ ಸಿಂಹಾಸನವೇ ಅಲ್ವಾ?

ನಮ್ಮ ಮನೆಯಲ್ಲೂ ಅಂಥದ್ದೊಂದು ಇತ್ತು. ಅಜ್ಜನ ಆರಾಮ ಕುರ್ಚಿ. ಮರದ ಚೌಕಟ್ಟು, ಮೇಲೆ ಕೆಳಗೆ ಎರಡು ಕೋಲು, ನಡುವೆ ನೀಲಿ ಪಟ್ಟೆಯ ದಪ್ಪ ಬಟ್ಟೆ ಜೋಲಿಯ ಹಾಗೆ. ಬಟ್ಟೆಯ ಎರಡೂ ತುದಿ ಮಡಿಸಿ ಹೊಲಿದಿರುತ್ತಿತ್ತು, ಅದರೊಳಗೆ ಕೋಲು ತೂರಿಸಬೇಕು. ಅದರಲ್ಲಿ ಬೇರೆ ಯಾರೂ ಕೂರುವಂತಿಲ್ಲ, ಅಜ್ಜ ಊರಲ್ಲಿ ಇಲ್ಲದಿದ್ದರೂ. ಒಂದು ಬೇಸಿಗೆ ರಜೆಯಲ್ಲಿ ನಾನು ಮೇಲಿನ ಕೋಲು ಮೆಲ್ಲಗೆ ಎಳೆದಿಟ್ಟು, ಬಟ್ಟೆಯನ್ನು ಸುಮ್ನೆ ಚೌಕಟ್ಟಿನ ಮೇಲೆ ಹೊದಿಸಿಟ್ಟೆ. ಆಮೇಲೆ ಏನಾಯಿತು ಅಂತ ಹೇಳಬೇಕಾಗಿಲ್ಲ. ಅಜ್ಜನಿಗೆ ಪೆಟ್ಟಾಗಲಿಲ್ಲ, ನನಗಾಯಿತು.

ನಿಮ್ಮ ಮಾವನವರಿಗೆ ಹೇಳಿ, ಜಗಳದಲ್ಲಿ ಮೊಮ್ಮಗಳು ಗೆದ್ದಳು, ಆದರೆ ‘ಕೂರು’ ಮಾತ್ರ ಅಚ್ಚಗನ್ನಡವೇ.

ಪ್ರಶ್ನೆ: ನಾವು ಕೊಂಕಣಿಯವರು. ಮನೆಯಲ್ಲಿ ಕುರ್ಚಿಗೆ ‘ಕದೇಲ್’ ಅಂತೇವೆ. ನಮ್ಮ ಮಲಯಾಳಿ ಸೊಸೆ ‘ಕಸೇರ’ ಅಂತಾಳೆ. ಇವಕ್ಕೂ ಕುರ್ಚಿಗೂ ಸಂಬಂಧ ಇದೆಯೇ? (ಬ್ಯಾಂಕಿನ ನಿವೃತ್ತ ನೌಕರರು, ಮಂಗಳೂರು)

ಉತ್ತರ: ಕುರ್ಚಿಗೆ ಸಂಬಂಧ ಇಲ್ಲ ಸಾರ್. ಆದರೆ ಅತ್ತೆ ಸೊಸೆ ಇಬ್ಬರದೂ ಒಂದೇ ಪದ. ಪೋರ್ಚುಗೀಸರ ‘ಕದೇಯ್ರ’. ಅವರು 1510ರಲ್ಲಿ ಗೋವಾ ಹಿಡಿದರು, ಕೇರಳದ ತೀರಕ್ಕೆ ಅದಕ್ಕೂ ಮೊದಲೇ ಬಂದಿದ್ದರು. ಹಡಗಿನಿಂದ ಇಳಿದ ಪದ ಸಮುದ್ರದ ದಂಡೆಯಲ್ಲೇ ಉಳಿಯಿತು, ಘಟ್ಟ ಹತ್ತಲಿಲ್ಲ. ಘಟ್ಟದ ಮೇಲೆ ಉತ್ತರದಿಂದ ಬಂದ ಕುರ್ಚಿಯೇ ಕಾಲೂರಿತು.

ಈಗ ಮಜಾ ಕೇಳಿ. ಪೋರ್ಚುಗೀಸರ ಕದೇಯ್ರ ಬಂದದ್ದು ಲ್ಯಾಟಿನ್ನಿನ ‘ಕಥೆಡ್ರ’ದಿಂದ, ಅದು ಗ್ರೀಕಿನದು. ಅದೇ ಕಥೆಡ್ರ ಫ್ರೆಂಚರ ಬಾಯಲ್ಲಿ ಸವೆದು ಇಂಗ್ಲಿಷಿಗೆ ಬಂದು ‘ಚೇರ್’ ಆಯಿತು. ಹಾಗಾಗಿ ನಿಮ್ಮ ಮನೆಯ ಕದೇಲ್, ಸೊಸೆಯ ಕಸೇರ, ಮೊಮ್ಮಕ್ಕಳ ಚೇರ್ ಮೂರೂ ಒಂದೇ ಹೊಟ್ಟೆಯವು. ಕ್ಯಾಥೆಡ್ರಲ್ ಅನ್ನುವುದೂ ಇದರದ್ದೇ. ಬಿಷಪ್ಪರ ಪೀಠ ಇರುವ ಚರ್ಚಿಗೆ ಮಾತ್ರ ಆ ಹೆಸರು, ಬರೀ ದೊಡ್ಡ ಚರ್ಚು ಅಂತಲ್ಲ.

ಗ್ರೀಕಿನಲ್ಲಿ ‘ಕಥೆಡ್ರ’ದ ಕೊನೆಯ ತುಂಡು ‘ಹೆಡ್ರ’, ಅಂದರೆ ಆಸನ. ಗ್ರೀಕರಿಗೆ ಒಂದು ಅಭ್ಯಾಸ, ಪದದ ಮೊದಲಿಗೆ ಇದ್ದ ಹಳೆಯ ಸಕಾರವನ್ನು ಹಕಾರ ಮಾಡಿಬಿಡುವುದು. ನಮ್ಮ ‘ಸಪ್ತ’ ಅವರಲ್ಲಿ ‘ಹೆಪ್ತ’. ನಾವೇನು ಕಡಿಮೆಯೇ, ಪಾಲನ್ನು ಹಾಲು ಮಾಡಿದವರು, ಪುಲಿಯನ್ನು ಹುಲಿ ಮಾಡಿದವರು. ಆ ಹಕಾರ ತೆಗೆದು ಸಕಾರ ಹಾಕಿ ನೋಡಿದರೆ ಸಂಸ್ಕೃತದ ‘ಸದ್’ ಧಾತು ಎದುರಿಗೆ ನಿಲ್ಲುತ್ತದೆ, ಕೂರುವುದು ಅಂತಲೇ ಅರ್ಥ. ಸದನ, ಸದಸ್ಯ, ಪರಿಷತ್ತು, ಗುರುವಿನ ಹತ್ತಿರ ಕೂತು ಕಲಿಯುವ ಉಪನಿಷತ್ತು, ಎಲ್ಲವೂ ಅದೇ ಬೇರಿನವು. ವಿಧಾನ ಪರಿಷತ್ತಿನಲ್ಲಿ ಒಬ್ಬರು ಸದಸ್ಯರು ಎದ್ದು ‘ಸದನದಲ್ಲಿ ಚೇರ್‌ಗೆ ಗೌರವ ಕೊಡಿ’ ಅಂದರೆ ಒಂದೇ ವಾಕ್ಯದಲ್ಲಿ ದಾಯಾದಿಗಳೆಲ್ಲ ಸೇರಿದಂತೆ.

ಪ್ರಶ್ನೆ: ಟೀ ಇಡುವುದಕ್ಕೆ ಇರುವುದರಿಂದ ಟೀಪಾಯಿ ಎಂದು ಹೆಸರು ಅಲ್ಲವೇ? ‘ಪಾಯಿ’ ಅಂದರೆ ಏನು? ಕಾಫಿ ಕುಡಿಯುವ ನಾವು ಕಾಫಿಪಾಯಿ ಎನ್ನಬಹುದೇ? (ಕಾಲೇಜು ವಿದ್ಯಾರ್ಥಿ, ಚಿಕ್ಕಮಗಳೂರು)

ಉತ್ತರ: ಚಿಕ್ಕಮಗಳೂರಿನವರು ಕೇಳಲೇಬೇಕಾದ ಪ್ರಶ್ನೆ! ಇದಕ್ಕೂ ಟೀಗೂ ಏನೂ ಸಂಬಂಧ ಇಲ್ಲಪ್ಪ. ಇದು ಹಿಂದಿಯ ‘ತಿಪಾಯಿ’. ‘ತಿ’ ಅಂದರೆ ಮೂರು, ‘ಪಾಯ’ ಅಂದರೆ ಪಾರಸಿಯಲ್ಲಿ ಕಾಲು. ಮೂರು ಕಾಲಿನದು, ನಮ್ಮ ಮುಕ್ಕಾಲಿ ಅಷ್ಟೇ. ಬ್ರಿಟಿಷರು ಇಲ್ಲಿ ತಿಪಾಯಿ ನೋಡಿದರು, ಅದರ ಮೇಲೆ ಟೀ ಕಪ್ಪು ಇಟ್ಟರು, ‘ತಿ’ ಅವರ ಕಿವಿಗೆ ‘ಟೀ’ ಅಂತ ಕೇಳಿಸಿತು, ಸ್ಪೆಲ್ಲಿಂಗೂ ಹಾಗೇ ಬರೆದುಕೊಂಡರು. ಆಮೇಲೆ ನಾವು ಅವರಿಂದ ಅದನ್ನು ಟೀಪಾಯಿ ಅಂತ ವಾಪಸ್ ತೆಗೆದುಕೊಂಡೆವು. ನಮ್ಮ ಕಡೆಯ ಸಾಮಾನನ್ನೇ ಅವರ ಹೆಸರಿನಲ್ಲಿ ಮನೆಗೆ ತಂದ ಹಾಗೆ.

ಪಾಯ ಎಂಬ ಕಾಲು ನಮ್ಮಲ್ಲಿ ಬಹಳ ಕಡೆ ಓಡಾಡಿದೆ. ಮನೆಗೆ ಪಾಯ ತೆಗೆಸುತ್ತೀವಲ್ಲ, ಅದೇ. ಪೈಜಾಮ ಅಂದರೆ ಕಾಲಿನ ಬಟ್ಟೆ. ಬೆಂಗಳೂರಿನ ಶಿವಾಜಿನಗರದಲ್ಲಿ ಬೆಳಗ್ಗೆ ಬೆಳಗ್ಗೆ ಕುಡಿಯುವ ಪಾಯಾ ಕೂಡ ಕಾಲಿನ ಸಾರೇ. ಪಾರಸಿಯ ಪಾಯ, ಸಂಸ್ಕೃತದ ಪಾದ, ಗ್ರೀಕಿನ ‘ಪೊದ್’ ಮೂರೂ ಒಂದೇ ಮೂಲದವು. ಹಾಗಾಗಿ ಫೋಟೊ ತೆಗೆಯುವವರ ಟ್ರೈಪಾಡು, ಸರ್ವಜ್ಞನ ತ್ರಿಪದಿ, ನಿಮ್ಮ ಹಜಾರದ ಟೀಪಾಯಿ, ಮೂರಕ್ಕೂ ಅಕ್ಷರಶಃ ಒಂದೇ ಅರ್ಥ.

ಮೂರೇ ಕಾಲು ಯಾಕೆ ಅಂದರೆ, ನೆಲ ಸಮ ಇರಲಿಲ್ಲ. ಸಗಣಿ ಸಾರಿಸಿದ ಮಣ್ಣಿನ ನೆಲದ ಮೇಲೆ ನಾಲ್ಕು ಕಾಲಿನ ಮೇಜು ಇಟ್ಟರೆ ಒಂದು ಕಾಲು ಗಾಳಿಯಲ್ಲಿ ನಿಂತು ಗಡಗಡ ಅನ್ನುತ್ತದೆ. ಮೂರು ಕಾಲಿನದು ಎಲ್ಲಿ ಇಟ್ಟರೂ ಕೂರುತ್ತದೆ, ಅಲುಗುವುದೇ ಇಲ್ಲ. ಮೂರು ಕಲ್ಲಿನ ಒಲೆಯ ಮೇಲೆ ಮಡಕೆ ನೆಟ್ಟಗೆ ನಿಲ್ಲುವುದೂ ಅದಕ್ಕೇ. ದೇವರ ಮನೆಯಲ್ಲಿ ಶಂಖ ಇಡುವ ಪುಟ್ಟ ಹಿತ್ತಾಳೆ ಮುಕ್ಕಾಲಿ ನೋಡಿರುತ್ತೀರಿ. ಈಗ ಟೈಲ್ಸ್ ಬಂದ ಮೇಲೆ ಟೀಪಾಯಿಗೆ ನಾಲ್ಕು ಕಾಲು, ಮೇಲೆ ಗಾಜು, ಅದರ ಮೇಲೆ ಯಾರೂ ಓದದ ಪೇಪರು. ಹೆಸರಿನಲ್ಲಿ ಮೂರು, ಲೆಕ್ಕದಲ್ಲಿ ನಾಲ್ಕು. ಕಾಫಿಪಾಯಿ ಅನ್ನಿ, ನನ್ನದೇನೂ ಅಡ್ಡಿಯಿಲ್ಲ, ಟೀಪಾಯಿಯಷ್ಟೇ ತಪ್ಪು ಅದೂ.

ಪ್ರಶ್ನೆ: ದಿವಾನ್ ಕಾಟ್‌ಗೂ ಮೈಸೂರಿನ ದಿವಾನರಿಗೂ ಏನು ನಂಟು? ದಿವಾನರು ಅದರ ಮೇಲೆ ಮಲಗುತ್ತಿದ್ದರೇ? (ಮರಗೆಲಸದವರು, ಮೈಸೂರು)

ಉತ್ತರ: ಮಲಗುತ್ತಿದ್ದ ಹಾಗೆ ಕಾಣುವುದಿಲ್ಲ, 1912ರಲ್ಲಿ ದಿವಾನರಾದ ವಿಶ್ವೇಶ್ವರಯ್ಯನವರಂತೂ ಖಂಡಿತ ಇಲ್ಲ! ಆದರೆ ಪದ ಒಂದೇ. ಪಾರಸಿಯಲ್ಲಿ ‘ದೀವಾನ್’ ಅಂದರೆ ಮೊದಲು ಲೆಕ್ಕದ ಪುಸ್ತಕ. ಸೈನಿಕರ ಸಂಬಳ, ಕಂದಾಯ ಬರೆದಿಡುವ ಖಾತೆ. ಆಮೇಲೆ ಆ ಪುಸ್ತಕ ಇಡುವ ಕಚೇರಿ. ಆಮೇಲೆ ಆ ಕಚೇರಿಯ ದೊಡ್ಡ ಅಧಿಕಾರಿ, ನಮ್ಮ ಪೂರ್ಣಯ್ಯ, ಮಿರ್ಜಾ ಇಸ್ಮಾಯಿಲ್ ಎಲ್ಲ ಈ ಸಾಲಿನವರು. ಇನ್ನೊಂದು ಕಡೆ ತುರ್ಕರ ನಾಡಿನಲ್ಲಿ ದಿವಾನ್ ಅಂದರೆ ದರ್ಬಾರು ಸೇರುವ ಕೋಣೆ. ಆ ಕೋಣೆಯ ಗೋಡೆಗೆ ಒತ್ತಿಕೊಂಡು ಉದ್ದಕ್ಕೂ ತಗ್ಗಾದ ಮೆತ್ತೆಯ ಆಸನ ಹಾಕುತ್ತಿದ್ದರು. ಅದನ್ನು ನೋಡಿದ ಯುರೋಪಿನವರು ಆಸನಕ್ಕೇ ದಿವಾನ್ ಅಂದುಬಿಟ್ಟರು. ಅದಕ್ಕೇ ನಿಮ್ಮ ಕೈಯಲ್ಲಿ ತಯಾರಾಗುವ ದಿವಾನಿಗೆ ಒರಗುವ ಬೆನ್ನಿಲ್ಲ, ಗೋಡೆಯೇ ಬೆನ್ನು. ಇದನ್ನು ನನಗಿಂತ ನೀವೇ ಚೆನ್ನಾಗಿ ಬಲ್ಲಿರಿ.

ಕಚೇರಿ ಹೋಗಿ ಮಂಚ ಆಯಿತು. ಇದರ ಉಲ್ಟಾ ಕಥೆಯೂ ಇದೆ, ನಿಮ್ಮ ಮನೆಯ ಮೂಲೆಯಲ್ಲೇ ನಿಂತಿದೆ. ಕಬ್ಬಿಣದ ಬೀರು. ಇದು ಫ್ರೆಂಚರ ‘ಬ್ಯೂರೊ’. ಮೊದಲಿಗೆ ಅದರ ಮೂಲ ಒಂದು ಒರಟು ಉಣ್ಣೆ ಬಟ್ಟೆಯ ಹೆಸರು, ಹೆಚ್ಚು ಕಡಿಮೆ ನಮ್ಮ ಕಂಬಳಿಯಂಥದ್ದು. ಲೆಕ್ಕ ಬರೆಯುವ ಮೇಜಿನ ಮೇಲೆ ಅದನ್ನು ಹಾಸುತ್ತಿದ್ದರು. ಬಟ್ಟೆಯ ಹೆಸರು ಮೇಜಿಗೆ ಬಂತು, ಮೇಜಿನದು ಕೋಣೆಗೆ, ಕೋಣೆಯದು ಕಚೇರಿಗೆ. ಇಂಗ್ಲಿಷರ ಜೊತೆ ಇಲ್ಲಿಗೆ ಬಂದದ್ದು ಖಾನೆಗಳಿದ್ದ ಬರೆಯುವ ಮೇಜು, ನಾವು ಮೇಜು ಬಿಟ್ಟು ಖಾನೆಗಳನ್ನು ಮಾತ್ರ ಇಟ್ಟುಕೊಂಡೆವು. ತಮಿಳರಿಗೆ ಬೀರೋ, ತೆಲುಗರಿಗೆ ಬೀರುವಾ, ನಮಗೆ ಬೀರು. ಈಗ ಅದರೊಳಗೆ ರೇಷ್ಮೆ ಸೀರೆ, ನುಸಿಗುಳಿಗೆ, ಮನೆ ಪತ್ರ, ಮತ್ತು ಬಾಗಿಲ ಒಳಗಡೆ ಅಂಟಿಸಿದ ಬಿಂದಿಗಳು. ಸಿಬಿಐನ ‘ಬಿ’ ಕೂಡ ಇದೇ ಬ್ಯೂರೊ ಅಂತ ನೆನೆಸಿಕೊಂಡರೆ ನಗು ಬರುತ್ತದೆ.

ಅಲಮಾರಿನದೂ ಹೇಳಿ ಮುಗಿಸುತ್ತೇನೆ. ಅದು ಪೋರ್ಚುಗೀಸರ ‘ಅರ್ಮಾರಿಯೊ’, ಲ್ಯಾಟಿನ್ನಿನ ‘ಅರ್ಮ’ ಅಂದರೆ ಆಯುಧ. ಆಯುಧ, ಸಲಕರಣೆ ಇಡುವ ಪೆಟ್ಟಿಗೆ ಅಂತ ಶುರುವಾದದ್ದು. ಕದೇಯ್ರದ ರ ಕದೇಲ್‌ನಲ್ಲಿ ಲ ಆದ ಹಾಗೆಯೇ ಇಲ್ಲೂ ಮೊದಲ ರ ಹೋಗಿ ಲ ಬಂತು.

ಪ್ರಶ್ನೆ: ಮೇಜು ಕೂಡ ಪೋರ್ಚುಗೀಸ್ ಪದ ಎಂದು ಓದಿದ್ದೇನೆ. ಕೆಲವರು ಪಾರಸಿ ಅಂತಾರೆ. ಒಂದು ತೀರ್ಮಾನ ಹೇಳಿ. (ಶಿಕ್ಷಕಿ, ಹಾವೇರಿ)

ಉತ್ತರ: ಪೋರ್ಚುಗೀಸರಲ್ಲಿ ‘ಮೇಜ’, ಪಾರಸಿಯಲ್ಲಿ ‘ಮೇಜ್’. ಬರೀ ಉಚ್ಚಾರ ಹಿಡಿದು ಹೊರಟರೆ ಸಂಜೆಯಾದರೂ ತೀರ್ಮಾನ ಆಗುವುದಿಲ್ಲ. ಮಲಯಾಳದ ‘ಮೇಶ’ ಪೋರ್ಚುಗೀಸರದು. ಕನ್ನಡದ್ದು ಪಾರಸಿ ಕಡೆಯದು ಅಂತ ನನ್ನ ಅಭಿಪ್ರಾಯ. ಕಾರಣ ನಿಮ್ಮ ಹಾವೇರಿ ಕಡೆಯಲ್ಲೇ ಇದೆ ಮೇಡಂ. ಮನೆಯಲ್ಲಿ ದೊಡ್ಡ ಔತಣ ಮಾಡಿದರೆ ‘ಮೇಜವಾನಿ’ ಅಂತಾರಲ್ಲ? ಪಾರಸಿಯಲ್ಲಿ ‘ಮೇಜ್‌ಬಾನ್’ ಅಂದರೆ ಊಟ ಹಾಕುವ ಯಜಮಾನ. ಅವನು ಮಾಡುವ ಕೆಲಸ ಮೇಜ್‌ಬಾನಿ, ಅದೇ ಮರಾಠಿಯ ದಾರಿಯಲ್ಲಿ ಬಂದು ಮೇಜವಾನಿ. ಮೇಜವಾನಿ ಉಂಡವರಿಗೆ ಮೇಜು ಬೇರೆ ಕಡೆಯಿಂದ ತರಿಸಬೇಕಾದ ಅಗತ್ಯ ಏನಿತ್ತು? ಇಷ್ಟಾಗಿಯೂ ನಾವು ಮೇಜವಾನಿಯನ್ನು ನೆಲದ ಮೇಲೆ ಕೂತೇ ಉಂಡವರು, ಜೋಳದ ರೊಟ್ಟಿಗೆ ಮೇಜು ಬೇಕಿಲ್ಲ.

ಪ್ರಶ್ನೆ: ಕುರ್ಚಿ, ಸೋಫಾ, ಬೆಂಚು, ಸ್ಟೂಲು, ದಿವಾನ್, ಒಂದೂ ಕನ್ನಡವಲ್ಲ. ಕೂರುವುದಕ್ಕೆ ನಮ್ಮದೇ ಪದ ಇಲ್ಲವೇ? ಸೋಫಾಕ್ಕೆ ‘ಸುಖಾಸನ’ ಎಂದು ಬಳಕೆಗೆ ತಂದರೆ ಹೇಗೆ? (ನಿವೃತ್ತ ಅಧಿಕಾರಿ, ಶಿವಮೊಗ್ಗ)

ಉತ್ತರ: ಸುಖಾಸನ ಅಂದರೆ ಯೋಗದ ಕ್ಲಾಸಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂರುವುದು ಸಾರ್. ಮನೆಗೆ ಬಂದವರಿಗೆ ‘ಸುಖಾಸನದಲ್ಲಿ ಕೂತ್ಕೊಳ್ಳಿ’ ಅಂದರೆ ಪಾಪ, ನೆಲದ ಮೇಲೆ ಕೂತುಬಿಟ್ಟಾರು. ಅದೂ ಅಲ್ಲದೆ ಅರಬ್ಬಿ ಬದಲು ಸಂಸ್ಕೃತ ತಂದರೆ ಕನ್ನಡಕ್ಕೆ ಸಿಕ್ಕಿದ್ದೇನು?

ಸೋಫಾದ ಕಥೆ ಕೇಳಿದರೆ ನಿಮ್ಮ ಸಿಟ್ಟು ಸ್ವಲ್ಪ ಇಳಿಯಬಹುದು. ಅರಬ್ಬಿಯಲ್ಲಿ ‘ಸುಫ್ಫ’ ಅಂದರೆ ಮೇಲೆ ಜಮಖಾನ ಹಾಸಿ ಕೂರುವ ಎತ್ತರಿಸಿದ ಕಟ್ಟೆ. ಅಂದರೆ ನಮ್ಮ ಜಗಲಿ! ಹೋಗಿ ಬರುವವರನ್ನು ನೋಡುತ್ತಾ, ಎಲೆ ಅಡಿಕೆ ಹಾಕುತ್ತಾ ಕೂರುವ ಜಾಗ. ಅದು ತುರ್ಕರ ಮೂಲಕ ಯುರೋಪಿಗೆ ಹೋಗಿ, ಸ್ಪ್ರಿಂಗು ಕೂರಿಸಿಕೊಂಡು, ಇಂಗ್ಲಿಷಿನಲ್ಲಿ ನಮ್ಮ ಹಜಾರಕ್ಕೆ ಬಂತು. ಅದು ಬಂದ ಮೇಲೆ ಜಗಲಿಯಲ್ಲಿ ಕೂರುವವರು ಒಳಗೆ ಬಂದರು, ಜಗಲಿಗೆ ಗ್ರಿಲ್ ಬಿತ್ತು, ಚಪ್ಪಲಿ ಸ್ಟ್ಯಾಂಡು ಬಂತು.

ನಮ್ಮದು ಇಲ್ಲ ಅಂತ ಯಾರು ಹೇಳಿದರು? ನಾವು ಕೂತಿದ್ದು ತಗ್ಗಿನಲ್ಲಿ, ಪದಗಳೂ ಅಲ್ಲೇ ಇವೆ. ಚಾಪೆ, ಜಗಲಿ, ಕಟ್ಟೆ, ಮುಕ್ಕಾಲಿ, ಎಲ್ಲಕ್ಕಿಂತ ಹೆಚ್ಚಾಗಿ ಮಣೆ. ಮಣೆ ಅಪ್ಪಟ ದ್ರಾವಿಡ ಪದ, ತುಳುವಿನಲ್ಲೂ ಮಣೆ, ತಮಿಳಿನಲ್ಲಿ ಮಣೈ. ಎರಡು ಅಡ್ಡಪಟ್ಟಿ ಹೊಡೆದ ಒಂದು ಹಲಗೆ, ಅಂಗೈ ಎತ್ತರ, ಅಷ್ಟೇ. ಆದರೆ ಅದರ ಸಂಸಾರ ಎಷ್ಟು ದೊಡ್ಡದು! ಕೂತು ತರಕಾರಿ ಹೆಚ್ಚುವುದಕ್ಕೆ ಈಳಿಗೆಮಣೆ, ಕಾಯಿ ತುರಿಯುವುದಕ್ಕೆ ತುರಿಮಣೆ, ಉತ್ತರ ಕರ್ನಾಟಕದಲ್ಲಿ ಶ್ಯಾವಿಗೆ ಮಣೆ, ಚಪಾತಿ ಲಟ್ಟಿಸುವ ಮಣೆ, ಆಡುವುದಕ್ಕೆ ಅಳಗುಳಿಮಣೆ, ಕರಾವಳಿಗೆ ಹೋದರೆ ಅದೇ ಚೆನ್ನೆಮಣೆ. ಕುರ್ಚಿಗೆ ಇಂಥ ಸಂಸಾರ ಇಲ್ಲ, ಅದು ಬಂದು ಕೂತಿತು ಅಷ್ಟೇ.

ಮದುವೆಯನ್ನೇ ನೋಡಿ. ಛತ್ರದ ವೇದಿಕೆಯಲ್ಲಿ ಈಗ ಹುಡುಗ ಹುಡುಗಿ ಕೂರುವುದು ಕೆಂಪು ಮಖಮಲ್ಲಿನ, ಬಂಗಾರದ ಬಣ್ಣ ಬಳಿದ ರಾಜರ ಕುರ್ಚಿಯಲ್ಲಿ, ಆರತಕ್ಷತೆಗೆ ಬಾಡಿಗೆಗೆ ತಂದದ್ದು. ಆದರೆ ಮದುವೆ ಸುದ್ದಿ ಪೇಪರಿನಲ್ಲಿ ಬರಲಿ, ಟಿವಿಯಲ್ಲಿ ಬರಲಿ, ‘ಹಸೆಮಣೆ ಏರಿದ ಜೋಡಿ’ ಅಂತಲೇ ಬರುತ್ತದೆ. ‘ಕುರ್ಚಿ ಏರಿದ ಜೋಡಿ’ ಅಂದರೆ ಬೇರೆಯೇ ಅರ್ಥ ಬಂದುಬಿಡುತ್ತದೆ, ಅಲ್ವಾ?

ಪ್ರಶ್ನೆ: ಹೆಣ್ಣು ಕೊಟ್ಟು ತಂದು ಎರಡು ಮನೆಗೆ ಬೀಗ ಹಾಕುವುದರಿಂದ ‘ಬೀಗರು’ ಎಂದು ನಮ್ಮ ಬೀಗರೊಬ್ಬರು ಹೇಳಿದರು. ಹೌದೇ? (ಕೃಷಿಕರು, ಕೋಲಾರ)

ಉತ್ತರ: ಬೀಗರು ಹೇಳಿದ್ದನ್ನು ಎದುರಿಗೇ ಅಲ್ಲಗಳೆಯಬೇಡಿ, ಆದರೆ ನಂಬಲೂ ಬೇಡಿ. ಕೋಲಾರದವರಿಗೆ ತೆಲುಗು ಗೊತ್ತಿರುತ್ತದೆ, ಅದರಲ್ಲೇ ಉತ್ತರ ಇದೆ. ತೆಲುಗಿನಲ್ಲಿ ಬಾಗಿಲಿಗೆ ಹಾಕುವುದು ‘ಬೀಗಮು’, ಹೆಣ್ಣು ಕೊಟ್ಟು ತಂದ ಬೀಗ ‘ವಿಯ್ಯಂಕುಡು’. ಅಲ್ಲಿ ಎರಡೂ ಬೇರೆ ಬೇರೆ ಪದ, ಒಂದನ್ನೊಂದು ಮುಟ್ಟುವುದೂ ಇಲ್ಲ. ಕನ್ನಡದಲ್ಲಿ ‘ವಿಯ್ಯ’ದ ವಕಾರ ಬಕಾರವಾಗಿ, ಸವೆದು, ಕೊನೆಗೆ ಬಾಗಿಲ ಬೀಗದ ಪಕ್ಕದಲ್ಲೇ ಬಂದು ನಿಂತಿತು. ಕುರ್ಚಿ ಮತ್ತು ಕೂರು ಅಕ್ಕಪಕ್ಕ ನಿಂತ ಹಾಗೆ.

ಮುಂದಿನ ತಿಂಗಳು ಅಡುಗೆಮನೆಗೆ ಹೋಗೋಣ. ಈಳಿಗೆಮಣೆಗೆ ನಿಮ್ಮೂರಲ್ಲಿ ಏನಂತೀರಿ? ಮೆಟ್ಟುಕತ್ತಿಯೋ, ತುರಿಯೋ, ಬೇರೆ ಇನ್ನೇನೋ? ಊರಿನ ಹೆಸರು ಸೇರಿಸಿ ಒಂದು ಕಾರ್ಡು ಬರೆದು ಹಾಕಿ.